ಕಾಲಿನ ಆಕಾರವೂ ನಮ್ಮ ನಾಲಗೆಯೂ

ನಮ್ಮ ನೆರೆಯ ಮನೆಯ ಹುಡುಗಿಯೊಬ್ಬಳಿಗೆ ಮದುವೆ ನಿಶ್ಚಯವಾಗಿತ್ತು. ಮದ್ರಸದಲ್ಲಿ ನನ್ನ ಬಳಿಯೇ ಕಲಿತವಳು. ವರನ ಕಡೆಯ ಹೆಂಗಸರು ಬಂದಾಗ ಒಂದು ಜೊತೆ ಬೆಳ್ಳಿಯ ಕಾಲ್ಗೆಜ್ಜೆ ತಂದಿದ್ದರು. ತೊಡಿಸಲು ಹೋದರೆ ಕೊಂಡಿ ಕೂಡಲಿಲ್ಲ. ಗೆಜ್ಜೆ ಅರ್ಧ ಅಂಗುಲ ಚಿಕ್ಕದಾಗಿತ್ತು, ಅಷ್ಟೆ. ಆದರೆ ಬಂದವರಲ್ಲೊಬ್ಬರು, "ಇದು ಕಾಲೋ ಕಂಬವೋ?" ಎಂದುಬಿಟ್ಟರು. ಎಲ್ಲರೂ ನಕ್ಕರು. ಅಲ್ಲೇ ಕುಳಿತಿದ್ದ ನಾನೂ ಮುಗುಳ್ನಕ್ಕೆ. ಚಹಾ ಕುಡಿದು ಏಳುವಷ್ಟರಲ್ಲಿ ಎಲ್ಲರೂ ಆ ಮಾತನ್ನು ಮರೆತರು, ಒಬ್ಬಳನ್ನು ಬಿಟ್ಟು.

ಎರಡು ತಿಂಗಳ ನಂತರ ಆ ಹುಡುಗಿ ಅಡುಗೆ ಮನೆಯಲ್ಲಿ ತಲೆ ತಿರುಗಿ ಬಿದ್ದಳು. ಆಸ್ಪತ್ರೆಯಲ್ಲಿ ನೋಡಿದರೆ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಸೋಮವಾರ, ಗುರುವಾರ ಎಂದು ಸುರು ಮಾಡಿದ ಸುನ್ನತ್ ಉಪವಾಸವನ್ನು ಅವಳು ಹೆಚ್ಚು ಕಡಿಮೆ ಪ್ರತಿದಿನವೂ ಆಚರಿಸುತ್ತಿದ್ದಳು. ಸಂಜೆ ಒಂದು ಖರ್ಜೂರ, ನೀರು, ಅರ್ಧ ಚಪಾತಿ. ಸಹರಿಗೆ ಏಳುತ್ತಿರಲಿಲ್ಲ. ಮಗಳ ಭಕ್ತಿ ಹೆಚ್ಚಿತೆಂದು ಮನೆಯವರು ಸಂತೋಷಪಟ್ಟಿದ್ದರು. ನಾನು ನೋಡಲು ಹೋದಾಗ ಮೆಲ್ಲನೆ ಹೇಳಿದಳು: "ಟೀಚರ್, ಕೆನ್ನೆ ಬತ್ತಿತು, ಕೈ ಬಡಕಲಾಯಿತು. ಕಾಲು ಮಾತ್ರ ಹಾಗೇ ಇದೆ. ಉಮ್ಮನ ಕಾಲಿನ ಹಾಗೇ."

ಸಹೋದರಿಯರೇ, ಅವಳ ಆ ಕೊನೆಯ ಮಾತಿನಲ್ಲೇ ಎಲ್ಲಕ್ಕೂ ಉತ್ತರವಿದೆ. ಆದರೆ ಅದು ಅವಳಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಈ ಅಚ್ಚು ಎಲ್ಲಿಯದು?

ಕಾಲಿನ ಆಕಾರವನ್ನು ನಿರ್ಧರಿಸುವುದು ಮುಖ್ಯವಾಗಿ ಮೂರು ಸಂಗತಿಗಳು: ಎಲುಬು, ಸ್ನಾಯು ಮತ್ತು ಕೊಬ್ಬು. ಸೊಂಟದ ಎಲುಬು ಎಷ್ಟು ಅಗಲ, ತೊಡೆಯ ಎಲುಬು ಯಾವ ಕೋನದಲ್ಲಿ ಇಳಿದಿದೆ, ಮೊಣಕಾಲಿನ ಕೆಳಗಿನ ಎಲುಬು ಎಷ್ಟು ಉದ್ದ ಎಂಬುದು ತಂದೆ ತಾಯಿಯಿಂದ ಬಂದ ವಂಶವಾಹಿಗಳನ್ನು ಬಹಳವಾಗಿ ಅವಲಂಬಿಸಿದೆ. ಎತ್ತರದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇಕಡಾ 80ಕ್ಕೆ ವಂಶವಾಹಿಗಳೇ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 54 ಲಕ್ಷ ಜನರ ಮಾಹಿತಿಯನ್ನು ಪರಿಶೀಲಿಸಿ, ಎತ್ತರಕ್ಕೆ ಸಂಬಂಧಿಸಿದ 12 ಸಾವಿರಕ್ಕೂ ಹೆಚ್ಚು ಸಣ್ಣ ವಂಶವಾಹಿ ವ್ಯತ್ಯಾಸಗಳನ್ನು ಗುರುತಿಸಲಾಯಿತು. ಎತ್ತರವೊಂದಕ್ಕೇ ಇಷ್ಟು!

ಇನ್ನು ಮೀನಖಂಡ. ಅಲ್ಲಿನ ಸ್ನಾಯು ಕೆಳಗಿಳಿದು ಒಂದು ಗಟ್ಟಿ ನಾರಾಗಿ ಹಿಮ್ಮಡಿಗೆ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ಸ್ನಾಯು ಮೇಲೆಯೇ ಮುಗಿದು ನಾರು ಉದ್ದವಾಗಿರುತ್ತದೆ. ಅವರ ಕಣಕಾಲು ಸಪೂರವಾಗಿ ಕಾಣುತ್ತದೆ. ಕೆಲವರಲ್ಲಿ ಸ್ನಾಯು ತೀರಾ ಕೆಳಗಿನವರೆಗೂ ಇಳಿದಿರುತ್ತದೆ. ಅವರ ಕಾಲು ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪ ಕಾಣುತ್ತದೆ. ಇದು ಹುಟ್ಟಿನಿಂದ ಬಂದ ರಚನೆ. ವ್ಯಾಯಾಮದಿಂದ ಸ್ನಾಯುವಿಗೆ ಬಲ ಬರುತ್ತದೆ, ಅದು ಮುಗಿಯುವ ಜಾಗ ಬದಲಾಗುವುದಿಲ್ಲ. ನಮ್ಮ ಹುಡುಗಿಯ ಕಾಲು ಇಂತಹದು. ಅವಳ ಉಮ್ಮನದೂ ಅಂತಹದೇ.

ಕೊಬ್ಬಿನ ವಿಷಯವೂ ಹಾಗೆಯೇ. ಹೆಣ್ಣು ಮಕ್ಕಳು ಪ್ರಾಯಕ್ಕೆ ಬಂದಾಗ ಈಸ್ಟ್ರೋಜನ್ ಎಂಬ ಹಾರ್ಮೋನಿನ ಪ್ರಭಾವದಿಂದ ಸೊಂಟ ಮತ್ತು ತೊಡೆಗಳಲ್ಲಿ ಕೊಬ್ಬು ಶೇಖರವಾಗುತ್ತದೆ. ಮಗುವಿಗೆ ಹಾಲೂಡಿಸುವ ಕಾಲದಲ್ಲಿ ದೇಹ ಇದನ್ನು ಬಳಸಿಕೊಳ್ಳುತ್ತದೆ. ಹೊಟ್ಟೆಯ ಸುತ್ತ ಸೇರುವ ಕೊಬ್ಬಿನಷ್ಟು ಇದು ಅಪಾಯಕಾರಿಯಲ್ಲ. ಕೊಬ್ಬು ದೇಹದ ಯಾವ ಭಾಗದಲ್ಲಿ ಸೇರಬೇಕು, ಯಾವ ಭಾಗದಿಂದ ಮೊದಲು ಕರಗಬೇಕು ಎಂಬುದು ನಮ್ಮ ಇಷ್ಟದಂತೆ ನಡೆಯುವುದಿಲ್ಲ.

ಇದಕ್ಕೊಂದು ಪ್ರಸಿದ್ಧ ಪ್ರಯೋಗವಿದೆ. ಕೆನಡಾದ ವಿಜ್ಞಾನಿ ಕ್ಲಾಡ್ ಬೂಶಾರ್ ಮತ್ತು ಸಂಗಡಿಗರು 12 ಜೊತೆ ತದ್ರೂಪಿ ಅವಳಿ ತರುಣರಿಗೆ 84 ದಿನಗಳ ಕಾಲ ದಿನಕ್ಕೆ 1000 ಕ್ಯಾಲೊರಿ ಹೆಚ್ಚು ಆಹಾರ ಕೊಟ್ಟರು. 1990ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎಲ್ಲರಿಗೂ ಕೊಟ್ಟ ಹೆಚ್ಚುವರಿ ಆಹಾರ ಒಂದೇ ಆಗಿದ್ದರೂ ಕೆಲವರ ತೂಕ 4.3 ಕಿಲೋ ಹೆಚ್ಚಿತು, ಕೆಲವರದು 13.3 ಕಿಲೋ! ಆದರೆ ಒಂದೇ ಜೊತೆಯ ಇಬ್ಬರು ಅವಳಿಗಳ ತೂಕ ಹೆಚ್ಚಿದ ಪ್ರಮಾಣವೂ ಕೊಬ್ಬು ಸೇರಿದ ಜಾಗವೂ ಬಹಳಷ್ಟು ಒಂದೇ ರೀತಿಯಲ್ಲಿತ್ತು.

ಹಾಗೆಂದು ಆಹಾರ, ವ್ಯಾಯಾಮಗಳಿಂದ ಪ್ರಯೋಜನವಿಲ್ಲವೆಂದು ಅರ್ಥವಲ್ಲ. ನಡಿಗೆಯಿಂದ ಕಾಲಿಗೆ ಬಲ, ಹೃದಯಕ್ಕೆ ಆರೋಗ್ಯ, ಸಕ್ಕರೆ ಕಾಯಿಲೆಯಿಂದ ರಕ್ಷಣೆ ಸಿಗುತ್ತದೆ. ಅದಕ್ಕಾಗಿ ನಡೆಯಿರಿ. ನಮ್ಮ ದೇಶದ ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದೆಂದು ವೈದ್ಯರು ಹೇಳುತ್ತಾರೆ. ಅಳತೆ ಟೇಪು ಹಿಡಿಯಲೇಬೇಕಾದರೆ ಸೊಂಟಕ್ಕೆ ಹಿಡಿಯಿರಿ, ಮಗಳ ಕಣಕಾಲಿಗೆ ಬೇಡ.

ಯಾರ ಅಳತೆಗೋಲು?

ಸುಂದರ ಕಾಲು ಹೀಗೇ ಇರಬೇಕೆಂದು ಹೇಳಿದವರು ಯಾರು? ಚೀನಾದಲ್ಲಿ ಹೆಣ್ಣು ಮಕ್ಕಳ ಪಾದಗಳನ್ನು ಬಟ್ಟೆಯಿಂದ ಬಿಗಿದು, ಎಲುಬು ಮುರಿದು ಪುಟ್ಟದಾಗಿಸುತ್ತಿದ್ದರು. ಆಗ ಅದೇ ಸೌಂದರ್ಯ. 1912ರಲ್ಲಿ ಅಲ್ಲಿನ ಗಣರಾಜ್ಯ ಸರಕಾರ ಅದನ್ನು ನಿಷೇಧಿಸಿತು. ಆಫ್ರಿಕಾದ ಮುಸ್ಲಿಮ್ ದೇಶವಾದ ಮಾರಿಟಾನಿಯಾದಲ್ಲಿ ದಪ್ಪಗಿರುವವಳೇ ಸುಂದರಿ ಎಂದು ಹುಡುಗಿಯರಿಗೆ ಬಲವಂತವಾಗಿ ಹಾಲು ಕುಡಿಸಿ ದಪ್ಪ ಮಾಡುವ ಪದ್ಧತಿಯಿದೆ. ನಮ್ಮ ಹುಡುಗಿ ಅಲ್ಲಿ ಹುಟ್ಟಿದ್ದರೆ ಅವಳ ಕಾಲನ್ನು ಹೊಗಳುತ್ತಿದ್ದರು. ಕಾಲು ಅದೇ, ಊರು ಮಾತ್ರ ಬೇರೆ.

ನಮ್ಮ ಮಕ್ಕಳು ಆಡುವ ಬಾರ್ಬಿ ಗೊಂಬೆ 1959ರಲ್ಲಿ ಮಾರುಕಟ್ಟೆಗೆ ಬಂತು. ಅದರ ಕಡ್ಡಿಯಂತಹ ಕಾಲುಗಳನ್ನು ನೋಡುತ್ತಾ ತಲೆಮಾರುಗಳೇ ಬೆಳೆದವು. ಕಂಪೆನಿಯು ತುಂಬಿದ ಮೈಯ, ಕುಳ್ಳಗಿನ ಹಾಗೂ ಎತ್ತರದ ಬಾರ್ಬಿಗಳನ್ನು ತಂದದ್ದು 2016ರಲ್ಲಿ. ಈಗ ಮೊಬೈಲಿನಲ್ಲಿ ಬೆರಳಾಡಿಸಿದರೆ ಸಾಕು, ಚಿತ್ರದಲ್ಲಿರುವ ಕಾಲು ಉದ್ದವಾಗುತ್ತದೆ, ಸಪೂರವಾಗುತ್ತದೆ. ರೂಪದರ್ಶಿಯ ಮೈಯನ್ನು ಹೀಗೆ ತಿದ್ದಿದ ಜಾಹೀರಾತು ಚಿತ್ರದಲ್ಲಿ ಅದನ್ನು ತಿದ್ದಲಾಗಿದೆಯೆಂದು ನಮೂದಿಸಬೇಕೆಂಬ ನಿಯಮ ಫ್ರಾನ್ಸಿನಲ್ಲಿ 2017ರಿಂದ ಜಾರಿಯಲ್ಲಿದೆ. ನಮ್ಮ ಹೆಣ್ಣು ಮಕ್ಕಳು ಬುರ್ಖಾ ಧರಿಸುತ್ತಾರೆ, ಅವರಿಗೆ ಇದರ ಗಾಳಿ ತಾಗದು ಎಂದು ಭಾವಿಸಬೇಡಿ. ಹೊರಗಿನವರ ಕಣ್ಣಿನಿಂದ ಬುರ್ಖಾ ರಕ್ಷಿಸೀತು. ಮನೆಯೊಳಗೆ ಕುಳಿತ ನಮ್ಮ ಮಾತಿನಿಂದ ರಕ್ಷಿಸುವವರಾರು?

ಒಂಟೆಯ ಬಣ್ಣ, ಸಪೂರ ಕಾಲು

ಒಮ್ಮೆ ಒಬ್ಬ ವ್ಯಕ್ತಿ ಪ್ರವಾದಿವರ್ಯರ(ಸ) ಬಳಿಗೆ ಬಂದು ತನ್ನ ಪತ್ನಿ ಕಪ್ಪು ಮಗುವನ್ನು ಹೆತ್ತಿದ್ದಾಳೆಂದು ಶಂಕೆಯಿಂದ ಹೇಳಿದನು. ಪ್ರವಾದಿವರ್ಯರು(ಸ) ಅವನ ಒಂಟೆಗಳ ಬಣ್ಣವನ್ನು ವಿಚಾರಿಸಿದರು. ಕೆಂಪು ಎಂದನು. ಬೂದು ಬಣ್ಣದವೂ ಇವೆಯೇ ಎಂದು ಕೇಳಿದರು. ಇವೆ ಎಂದನು. ಅವು ಎಲ್ಲಿಂದ ಬಂದವು ಎಂದಾಗ, ಯಾವುದೋ ಹಳೆಯ ವಂಶದ ಎಳೆ ಸೆಳೆದಿರಬಹುದು ಎಂದನು. ನಿನ್ನ ಮಗುವಿನದೂ ಹಾಗೆಯೇ ಇರಬಹುದಲ್ಲವೇ ಎಂದು ಪ್ರವಾದಿವರ್ಯರು(ಸ) ತಿಳಿಹೇಳಿದರು. ಬುಖಾರಿಯಲ್ಲಿರುವ ಈ ಹದೀಸ್ ಕಲಿಸುವಾಗಲೆಲ್ಲಾ ನನಗೆ ಅಚ್ಚರಿಯಾಗುತ್ತದೆ. ಅನುವಂಶೀಯತೆಯನ್ನು ನೆನಪಿಸಿ ಒಬ್ಬ ತಾಯಿಯ ಮಾನವನ್ನು ಅವರು ಕಾಪಾಡಿದರು.

ಹ. ಅಬ್ದುಲ್ಲಾ ಇಬ್ನು ಮಸ್‌ಊದ್(ರ) ಕುಳ್ಳಗಿನ, ತೆಳ್ಳಗಿನ ವ್ಯಕ್ತಿ. ಮಿಸ್ವಾಕ್ ಕೀಳಲು ಮರವೇರಿದಾಗ ಅವರ ಸಪೂರ ಕಾಲುಗಳನ್ನು ಕಂಡು ಜೊತೆಗಿದ್ದವರು ನಕ್ಕರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಅಂತ್ಯದಿನದ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಬೆಟ್ಟಕ್ಕಿಂತಲೂ ಭಾರವಾಗಿರುವುವು ಎಂದರು. ಅಂದು ಕಾಲು ಸಪೂರವೆಂದು ನಕ್ಕರು, ಇಂದು ದಪ್ಪವೆಂದು ನಗುತ್ತೇವೆ. ನಗುವವರಿಗೆ ಕಾರಣ ಬೇಕು, ಅಷ್ಟೆ. ಹ. ಸಫಿಯ್ಯಾ(ರ) ಕುಳ್ಳಗಿರುವರೆಂದು ಅವರ ಬೆನ್ನ ಹಿಂದೆ ಸೂಚಿಸಿದ ಒಂದೇ ಒಂದು ಮಾತನ್ನು, ಸಮುದ್ರದ ನೀರನ್ನೂ ಕೆಡಿಸಬಲ್ಲ ಮಾತೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಪರಸ್ಪರ ಅಪಹಾಸ್ಯ ಮಾಡಬಾರದೆಂದು ಆದೇಶಿಸುವ ಕುರ್‌ಆನ್ ಸೂಕ್ತವು (ಅಲ್ ಹುಜುರಾತ್: 11) ಸ್ತ್ರೀಯರನ್ನು ಪ್ರತ್ಯೇಕವಾಗಿ ಉಲ್ಲೇಖಿಸಿದೆ. ತಾಯಿಯ ಗರ್ಭದಲ್ಲಿ ತಾನಿಚ್ಛಿಸಿದಂತೆ ರೂಪ ಕೊಡುವವನು ಅಲ್ಲಾಹನು (ಆಲಿ ಇಮ್ರಾನ್: 6). ಹಾಗಿರುವಾಗ ಆ ರೂಪವನ್ನು ಕಂಡು ನಗುವ ನಾವು ನಿಜವಾಗಿ ಯಾರ ಕೆಲಸವನ್ನು ಕಂಡು ನಗುತ್ತಿದ್ದೇವೆ?

ವೈದ್ಯರಿಗೆ ತೋರಿಸಬೇಕಾದದ್ದು

ಎಲ್ಲವೂ ವಂಶದ ಬಳುವಳಿಯೆಂದು ಸುಮ್ಮನಿರುವುದೂ ತಪ್ಪು. ಎಳೆಯ ಮಕ್ಕಳ ಕಾಲು ಸುಮಾರು ಎರಡು ವರ್ಷದವರೆಗೆ ಬಿಲ್ಲಿನಂತೆ ಬಾಗಿರುವುದು, ಮೂರು ನಾಲ್ಕು ವರ್ಷದಲ್ಲಿ ಮಂಡಿಗಳು ಒಳಗೆ ತಾಗುವುದು ಸಹಜ. ಏಳೆಂಟು ವರ್ಷದೊಳಗೆ ಹೆಚ್ಚಿನವರದು ನೇರವಾಗುತ್ತದೆ. ಎಣ್ಣೆ ತಿಕ್ಕಿ ಕಾಲು ನೇರ ಮಾಡಲಿಲ್ಲವೆಂದು ಸೊಸೆಯನ್ನು ದೂರಬೇಡಿ. ಆದರೆ ಬಾಗುವಿಕೆ ಹೆಚ್ಚುತ್ತಾ ಹೋದರೆ ಅಥವಾ ಒಂದೇ ಕಾಲು ಬಾಗಿದ್ದರೆ ವಿಟಮಿನ್ ಡಿ ಕೊರತೆಯ ರಿಕೆಟ್ಸ್ ಮುಂತಾದ ಕಾರಣವಿರಬಹುದು, ತೋರಿಸಿ.

ದೊಡ್ಡವರಲ್ಲಿ ಒಂದು ಕಾಲು ಹಠಾತ್ತಾಗಿ ಊದಿಕೊಂಡು ನೋಯುತ್ತಿದ್ದರೆ ತಡಮಾಡಬೇಡಿ. ಎರಡೂ ಕಾಲು ಸಮನಾಗಿ ದಪ್ಪವಾಗಿ, ಪಾದ ಮಾತ್ರ ಸಾಧಾರಣವಾಗಿದ್ದು, ಮುಟ್ಟಿದರೆ ನೋವಿದ್ದರೆ ಅದು ಲಿಪೀಡಿಮಾ ಎಂಬ ಸಮಸ್ಯೆಯಾಗಿರಬಹುದು. ಇದು ಹೆಚ್ಚಾಗಿ ಹೆಂಗಸರಲ್ಲಿ, ಅನೇಕ ವೇಳೆ ಒಂದೇ ಕುಟುಂಬದವರಲ್ಲಿ ಕಂಡುಬರುತ್ತದೆ. ಊಟ ಬಿಟ್ಟರೆ ಕರಗುವಂತಹದಲ್ಲ. ಕರಾವಳಿಯ ಹಿರಿಯರು ಹೆದರುವ ಆನೆಕಾಲು ರೋಗವಂತೂ ಸೊಳ್ಳೆಯಿಂದ ಹರಡುವುದೇ ಹೊರತು ತಾಯಿಯ ರಕ್ತದಿಂದಲ್ಲ. ದಪ್ಪ ಕಾಲು ಕಂಡೊಡನೆ ಆ ಹೆಸರೆತ್ತಿ ಹುಡುಗಿಯ ಸಂಬಂಧ ಮುರಿಯುವುದು ದೊಡ್ಡ ಅನ್ಯಾಯ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಇಂತಹ ದೇಶದಲ್ಲಿ ಹುಡುಗಿಯ ತಟ್ಟೆಯಿಂದ ತುತ್ತು ಕಸಿಯುವ ಮಾತು ತಮಾಷೆಯಲ್ಲ.

ನಾನು ಆ ಹುಡುಗಿಗೆ ಹೇಳಿದ್ದು ಇಷ್ಟೆ: "ಉಪವಾಸ ಅಲ್ಲಾಹನಿಗಾಗಿ. ನಿಯ್ಯತ್ ಕಾಲಿಗಾಗಿ ಇದ್ದರೆ ಉಳಿಯುವುದು ಹಸಿವು ಮಾತ್ರ. ನಿನ್ನ ಶರೀರಕ್ಕೂ ನಿನ್ನ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ, ಮರೆಯಬೇಡ." ಅಂದು ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಅವಳು ಅತ್ತಳು. ಅವಳ ಉಮ್ಮ ಮಾತಾಡದೆ ಗಂಜಿ ತಂದಿಟ್ಟರು.

ಮದುವೆ ಆಯಿತು. ಗೆಜ್ಜೆಯನ್ನು ಅಕ್ಕಸಾಲಿಗನಲ್ಲಿಗೆ ಕೊಂಡೊಯ್ದು ಎರಡು ಕೊಂಡಿ ಸೇರಿಸಿದರು. ಹತ್ತು ನಿಮಿಷದ ಕೆಲಸ. ಅದನ್ನು ಮೊದಲೇ ಮಾಡಬಹುದಿತ್ತು.

ಮುಂದಿನ ಬಾರಿ ನೀವು ಹೆಣ್ಣು ನೋಡಲು ಹೋದಾಗ ಇದನ್ನು ನೆನಪಿಡಿ. ಆಭರಣ ಹೊಂದದಿದ್ದರೆ ಆಭರಣವನ್ನು ಸರಿಪಡಿಸಿ. ಅಲ್ಲಾಹನು ನಮ್ಮ ನಾಲಗೆಗಳನ್ನು ಕಾಪಾಡಲಿ.