ಒತ್ತು ಎಲ್ಲೋ ಅರ್ಥ ಅಲ್ಲೇ



ದಿನಾ ಹಾಜರಿ ಕೂಗಿದಾಗ ನಾವೆಲ್ಲ 'ಪ್ರೆಸೆಂಟ್' ಅಂತೀವಿ. ಇಂಗ್ಲಿಷಿನಲ್ಲಿ ಇದೇ ಕಾಗುಣಿತದ ಪದವನ್ನು ಎರಡು ಥರ ಓದ್ತಾರೆ. ಮೊದಲ ಭಾಗವನ್ನು ಜೋರಾಗಿ ಹೇಳಿದರೆ 'ಹಾಜರಿರುವ' ಅಥವಾ 'ಉಡುಗೊರೆ' ಎಂದರ್ಥ. ಎರಡನೇ ಭಾಗವನ್ನು ಜೋರಾಗಿ ಹೇಳಿದರೆ 'ಅರ್ಪಿಸು' ಎಂದರ್ಥ. ಈ ಜೋರಿಗೆ ಒತ್ತು ಅಂತಾರೆ. ಇದು ನಮ್ಮ ಒತ್ತಕ್ಷರ ಅಲ್ಲ. ಒತ್ತಕ್ಷರ ಕಣ್ಣಿಗೆ ಕಾಣುತ್ತೆ, ಈ ಒತ್ತು ಕಿವಿಗೆ ಮಾತ್ರ ಕೇಳುತ್ತೆ.

ಹಾಗೇ 'ಡೆಸರ್ಟ್'. ಒತ್ತು ಮೊದಲು ಬಂದರೆ ಮರುಭೂಮಿ, ಕೊನೆಗೆ ಬಂದರೆ ಬಿಟ್ಟುಹೋಗು. 'ರೆಕಾರ್ಡ್' ಪದದಲ್ಲಿ ಒತ್ತು ಮೊದಲು ಬಂದರೆ ದಾಖಲೆ, ಕೊನೆಗೆ ಬಂದರೆ ದಾಖಲಿಸು. ನಾವು 'ರೆಕಾರ್ಡ್ ರೂಮು' ಅಂದರೂ 'ರೆಕಾರ್ಡ್ ಮಾಡು' ಅಂದರೂ ಒಂದೇ ಥರ ಹೇಳ್ತೀವಿ. ಯಾಕೆಂದರೆ ಕನ್ನಡದಲ್ಲಿ ಆ ಕೆಲಸವನ್ನು 'ಮಾಡು' ಎಂಬ ಪದವೇ ಮಾಡುತ್ತೆ. ಆದರೆ ಎಲ್ಲ ಪದಗಳೂ ಹೀಗಿಲ್ಲ. 'ಆನ್ಸರ್' ಪದಕ್ಕೆ ಉತ್ತರ ಅಂದರೂ ಉತ್ತರಿಸು ಅಂದರೂ ಒತ್ತು ಮೊದಲೇ.

ಕನ್ನಡದಲ್ಲಿ ಅರ್ಥ ಬದಲಾಯಿಸೋದು ಜೋರಲ್ಲ, ಉದ್ದ. ಹ್ರಸ್ವ ಒಂದು ಮಾತ್ರೆ, ದೀರ್ಘ ಎರಡು ಮಾತ್ರೆ. ಅಳು ಬೇರೆ, ಆಳು ಬೇರೆ. ನಂಜನಗೂಡಿನ ರಸಬಾಳೆಯನ್ನು 'ರಸಬಳೆ' ಅಂತ ಕೇಳಿದರೆ ಅಂಗಡಿಯವರು ಹಣ್ಣು ಕೊಡ್ತಾರಾ?

ಪೂರ್ತಿ ವಾಕ್ಯಕ್ಕೂ ನಮ್ಮ ದಾರಿ ಬೇರೆ. 'ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತೆ' ಅನ್ನೋದು ಬರೀ ಸುದ್ದಿ. 'ನರಸೀಪುರದಲ್ಲೇ' ಅಂದರೆ ಬೇರೆಲ್ಲೂ ಅಲ್ಲ ಅಂತ. ನಾವು 'ಏ' ಸೇರಿಸ್ತೀವಿ. ಇಂಗ್ಲಿಷಿನವರು ಒಂದಕ್ಷರವನ್ನೂ ಸೇರಿಸದೆ ಆ ಊರಿನ ಹೆಸರನ್ನು ಮಾತ್ರ ಒತ್ತಿ ಹೇಳಿದರೆ ಸಾಕು.

ಹಳ್ಳಿ ಮಕ್ಕಳಿಗೆ ಇಂಗ್ಲಿಷಿಗೆ ನಾಲಿಗೆ ಹೊರಳಲ್ಲ ಅಂತ ಕೆಲವರು ನಗ್ತಾರೆ. ಅದಕ್ಕೇ ಎಷ್ಟೋ ಜನ ಎದ್ದು ನಿಂತು ಓದೋಕೆ ಹೆದರ್ತಾರೆ. ನಾಲಿಗೆಯಲ್ಲಿ ದೋಷ ಏನೂ ಇಲ್ಲ. ಅದು ಉದ್ದ ಅಳೆಯೋದನ್ನು ಚೆನ್ನಾಗಿ ಕಲಿತಿದೆ, ಜೋರು ಅಳೆಯೋದನ್ನು ಇನ್ನು ಕಲೀಬೇಕು. ಕನ್ನಡ ಕಲಿಯೋ ಇಂಗ್ಲಿಷಿನವರೂ ಬಳೆ, ಬಾಳೆ ಅನ್ನುವಾಗ ತಡವರಿಸಬಹುದು.

ಒತ್ತು ತಿಳಿಯೋಕೆ ಒಂದು ಉಪಾಯ ಇದೆ. ಎಷ್ಟೋ ಇಂಗ್ಲಿಷ್ ನಿಘಂಟುಗಳಲ್ಲಿ ಉಚ್ಚಾರಣೆ ಕೊಟ್ಟಿರೋ ಕಡೆ, ಒತ್ತು ಬೀಳೋ ಭಾಗದ ಮುಂಚೆ ಮೇಲುಗಡೆ ಒಂದು ಸಣ್ಣ ಗೀಟು ಇರುತ್ತೆ. ನೋಡಿ, ಆ ಭಾಗಕ್ಕೆ ಬೆಂಚಿನ ಮೇಲೆ ಒಂದು ತಟ್ಟು ತಟ್ಟಿ ಪದ ಹೇಳಿ. ಗುರುಗಳೇ, ಬೋರ್ಡಿನ ಮೇಲೆ ಹೊಸ ಪದ ಬರೆಯುವಾಗ ದಯವಿಟ್ಟು ಆ ಗೀಟನ್ನೂ ಹಾಕಿ. ಆಗ ನಾವು ಹೆದರದೆ ಓದ್ತೀವಿ.