ಸೋತದ್ದು ಪಕ್ಷ, ಏರಿದ್ದು ಬಿ.ಪಿ.

ಚುನಾವಣೆ ಮುಗಿದ ಮೇಲೆ ಗೆದ್ದವರಿಗೆ ಹಾರ ಬೀಳುತ್ತದೆ. ಸೋತವರ ಮನೆಗೂ ನಾಲ್ಕು ಜನ ಹೋಗಿ ಸಮಾಧಾನ ಹೇಳಿ ಬರುತ್ತಾರೆ. ಆದರೆ ಸೋತ ಪಕ್ಷಕ್ಕೆ ಮತ ಹಾಕಿ, ಜಗಲಿಯ ಮೇಲೆ ಮೌನವಾಗಿ ಕುಳಿತ ಹಿರಿಯರನ್ನು ಯಾರೂ ಮಾತನಾಡಿಸುವುದಿಲ್ಲ. ಮಾತನಾಡಿಸಿದರೂ ಅದು ಗೇಲಿ ಮಾಡುವುದಕ್ಕೇ. ಅಂಥವರು ನಾಲ್ಕಾರು ದಿನ ಕಳೆದ ಮೇಲೆ ತಲೆನೋವು, ನಿದ್ದೆಯಿಲ್ಲ, ಎದೆ ಹಿಡಿದಂತಾಗುತ್ತದೆ ಎಂದು ನಮ್ಮಂಥ ವೈದ್ಯರ ಬಳಿ ಬರುತ್ತಾರೆ. ಕಾರಣ ಮಾತ್ರ ಹೇಳುವುದಿಲ್ಲ.

ಈ ವಾರ ಅಂಥ ಒಬ್ಬರ ಕಥೆ ಹೇಳುತ್ತೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

2024ರ ಜೂನ್ 5, ಬುಧವಾರ. ಲೋಕಸಭೆ ಚುನಾವಣೆಯ ಮತ ಎಣಿಕೆಯಾದ ಮರುದಿನ. ಬಾಗೂರಿನ ನನ್ನ ಕ್ಲಿನಿಕ್ಕಿಗೆ ಬೆಳಿಗ್ಗೆಯೇ ಹುಡುಗನೊಬ್ಬ ತನ್ನ ತಾತನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಹಿರಿಯರಿಗೆ 72 ವರ್ಷ. ಎಂಟು ವರ್ಷಗಳಿಂದ ರಕ್ತದೊತ್ತಡಕ್ಕೆ ನನ್ನಲ್ಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರು.

"ನಂಗೇನಾಗಿಲ್ಲ ಬುಡಿ ಡಾಕ್ಟ್ರೇ, ಈ ಹುಡ್ಗ ಸುಮ್ನೆ ಕರ್ಕೊಂಡ್ ಬಂದವ್ನೆ" ಎಂದರು.

ಹುಡುಗ ಹೇಳಿದ ವಿಷಯ ಬೇರೆಯೇ ಇತ್ತು. ಬೆಳಿಗ್ಗೆ ಕಾಫಿ ಕುಡಿಯುವಾಗ ತಾತನ ಬಲಗೈಯಿಂದ ಲೋಟ ಜಾರಿ ಬಿತ್ತು. ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ನಾನು ಬಿ.ಪಿ. ನೋಡಿದೆ: 200/110. "ಮಾತ್ರೆ ತಗೊಂಡಿದ್ದೀರಾ ಯಜಮಾನ್ರೇ?" ಎಂದು ಕೇಳಿದೆ. ಅವರು ನೆಲ ನೋಡಿದರು. ನಾಲ್ಕು ದಿನಗಳಿಂದ ಮಾತ್ರೆ ಮುಟ್ಟಿರಲಿಲ್ಲ. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಹಿಂದಿನ ದಿನ ಬೆಳಿಗ್ಗೆಯಿಂದ ಟಿ.ವಿ. ಮುಂದೆ ಕೂತು ಒಂದು ಕಟ್ಟು ಬೀಡಿ ಮುಗಿಸಿದ್ದರು. ರಾತ್ರಿ ಊಟವನ್ನೂ ಮಾಡಿರಲಿಲ್ಲ.

ಹತ್ತು ನಿಮಿಷದ ಆ ತೊದಲು ಮಾತು ಸಣ್ಣ ವಿಷಯವಲ್ಲ. ಮೆದುಳಿನ ಒಂದು ಭಾಗಕ್ಕೆ ರಕ್ತ ಹರಿಯುವುದು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾದರೆ ಹೀಗಾಗುತ್ತದೆ. ನಾವು ಇದನ್ನು ಟಿ.ಐ.ಎ. ಎನ್ನುತ್ತೇವೆ. ಇದು ಮುಂದೆ ಬರಬಹುದಾದ ಪಾರ್ಶ್ವವಾಯುವಿನ, ಅಂದರೆ ಲಕ್ವದ ಮುನ್ನೆಚ್ಚರಿಕೆ. ಮೊದಲ ಎರಡು ದಿನಗಳಲ್ಲೇ ಅಪಾಯ ಅತಿ ಹೆಚ್ಚು. 108 ಕರೆಸಿ ಅವರನ್ನು ಹಾಸನಕ್ಕೆ ಕಳಿಸಿದೆ. ಸ್ಕ್ಯಾನಿಂಗ್ ಆಯಿತು, ಚಿಕಿತ್ಸೆ ಸಿಕ್ಕಿತು, ಲಕ್ವ ತಪ್ಪಿತು. ಮೊಮ್ಮಗ "ಸರಿಹೋಯ್ತಲ್ಲ" ಎಂದು ಸುಮ್ಮನಾಗಿದ್ದರೆ ಏನಾಗುತ್ತಿತ್ತೋ!

ಒಂದೇ ಗುರುತಿನ ಮತದಾರ

ಆ ಹಿರಿಯರು ಹಳೆಯ ಕಾಲದವರು. ಒಮ್ಮೆ ಹಿಡಿದದ್ದನ್ನು ಬಿಡುವವರಲ್ಲ. ದೇವರು, ಬಿತ್ತನೆಯ ದಿನ, ಮನೆಯ ಪದ್ಧತಿ ಎಲ್ಲದರಲ್ಲೂ ಹಾಗೆಯೇ. 1977ರಲ್ಲಿ ಚಕ್ರದೊಳಗೆ ನೇಗಿಲು ಹೊತ್ತ ರೈತನ ಗುರುತಿಗೆ ಮೊದಲ ಮುದ್ರೆ ಒತ್ತಿದರು. ಜನತಾ ಪಕ್ಷ ಒಡೆದು ಜನತಾದಳವಾಯಿತು, ಜನತಾದಳ ಒಡೆದು ಜೆ.ಡಿ.ಎಸ್. ಆಯಿತು. ಇವರು ಮಾತ್ರ ಆ ಜಾಡನ್ನು ಬಿಡಲಿಲ್ಲ. 1996ರ ಜೂನ್ 1ರಂದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಇಡೀ ಊರಿಗೆ ಸಿಹಿ ಹಂಚಿದ್ದನ್ನು ಇಂದಿಗೂ ಹೇಳುತ್ತಾರೆ.

ಸೋಲು ಅವರಿಗೆ ಹೊಸದೇನಲ್ಲ. 1999ರ ಲೋಕಸಭೆ ಚುನಾವಣೆಯಲ್ಲಿ ದೇವೇಗೌಡರೇ ಹಾಸನದಲ್ಲಿ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರ ಎದುರು ಸೋತರು. 25 ವರ್ಷಗಳ ನಂತರ, 2024ರಲ್ಲಿ, ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್ ಅವರು ದೇವೇಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣ ಅವರನ್ನು 42,649 ಮತಗಳಿಂದ ಸೋಲಿಸಿದರು.

"ತೊಂಬತ್ತೊಂಬತ್ತರಲ್ಲೂ ಮೂರು ದಿನ ಊಟ ಬಿಟ್ಟಿದ್ದೆ ಡಾಕ್ಟ್ರೇ, ಆಗ ಏನೂ ಆಗ್ಲಿಲ್ಲ" ಎಂದು ನನ್ನೊಡನೆ ವಾದಿಸಿದರು. ಆಗ ಅವರಿಗೆ 47 ವರ್ಷ. ರಕ್ತನಾಳಗಳು ಮೆತ್ತಗಿದ್ದವು, ಬಿ.ಪಿ. ಇರಲಿಲ್ಲ. 72ರಲ್ಲಿ ಅದೇ ಉಪವಾಸ, ಅದೇ ಸಿಟ್ಟು, ಅದೇ ಬೀಡಿಯನ್ನು ದೇಹ ತಾಳುವುದಿಲ್ಲ. ಮತದಾರ ಬದಲಾಗದಿದ್ದರೂ ಅವನ ರಕ್ತನಾಳ ಬದಲಾಗಿರುತ್ತದೆ!

ದೇಹದೊಳಗೆ ನಡೆಯುವುದೇನು?

"ಯಾರೋ ಗೆದ್ದರು, ಯಾರೋ ಸೋತರು, ಇವರಿಗೇಕೆ ಬಿ.ಪಿ. ಏರಬೇಕು?" ಎಂದು ನೀವು ಕೇಳಬಹುದು.

ನಮ್ಮ ಮೆದುಳಿಗೆ ನಮ್ಮವರ ಸೋಲು ಎಂದರೆ ನಮ್ಮದೇ ಸೋಲು. ಹುಲಿ ಎದುರಾದಾಗ ದೇಹ ಹೇಗೆ ಸಿದ್ಧವಾಗುತ್ತದೋ ಆಗಲೂ ಹಾಗೆಯೇ ಸಿದ್ಧವಾಗುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸದೂತಗಳನ್ನು ರಕ್ತಕ್ಕೆ ಸುರಿಯುತ್ತವೆ. ಎದೆಬಡಿತ ಹೆಚ್ಚುತ್ತದೆ. ರಕ್ತನಾಳಗಳು ಬಿಗಿಯುತ್ತವೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ಹುಲಿಯಾದರೆ ಐದು ನಿಮಿಷದಲ್ಲಿ ಹೋಗಿಬಿಡುತ್ತದೆ. ಟಿ.ವಿ.ಯ ಚರ್ಚೆ ಮಧ್ಯರಾತ್ರಿಯವರೆಗೆ ನಡೆಯುತ್ತದೆ, ಮೊಬೈಲಿನ ಗೇಲಿ ಬೆಳಗಿನ ತನಕ ಬರುತ್ತಲೇ ಇರುತ್ತದೆ. ದೇಹಕ್ಕೆ ಬಿಡುವು ಸಿಗುವುದೇ ಇಲ್ಲ.

ಇದು ನನ್ನ ಊಹೆಯಲ್ಲ. ಅಮೆರಿಕದಲ್ಲಿ 2008ರ ಅಧ್ಯಕ್ಷ ಚುನಾವಣೆಯ ರಾತ್ರಿ ಸಂಶೋಧಕರು ಮತದಾರರ ಎಂಜಲಿನ ಮಾದರಿ ತೆಗೆದು ಪರೀಕ್ಷಿಸಿದರು. ಗೆದ್ದ ಒಬಾಮ ಅವರಿಗೆ ಮತ ಹಾಕಿದ ಗಂಡಸರಲ್ಲಿ ಟೆಸ್ಟೊಸ್ಟಿರಾನ್ ಎಂಬ ರಸದೂತ ಇದ್ದಂತೆಯೇ ಇತ್ತು. ಸೋತವರಿಗೆ, ಮುಖ್ಯವಾಗಿ ಸಂಪ್ರದಾಯನಿಷ್ಠ ಪಕ್ಷದ ಮೆಕೇನ್ ಅವರಿಗೆ ಮತ ಹಾಕಿದ್ದ ಗಂಡಸರಲ್ಲಿ, ಫಲಿತಾಂಶ ತಿಳಿದ ಕೂಡಲೇ ಅದು ಕುಸಿಯಿತು. ಇವರಾರೂ ಸ್ವತಃ ಕಣಕ್ಕಿಳಿದವರಲ್ಲ, ಬರೀ ಮತ ಹಾಕಿದವರು! ಅದೇ ದೇಶದ 2016ರ ಅಧ್ಯಕ್ಷ ಚುನಾವಣೆಯ ನಂತರದ ಎರಡು ದಿನಗಳಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಆರೋಗ್ಯ ಸಂಸ್ಥೆಯ ಸದಸ್ಯರಲ್ಲಿ ಹೃದಯ ಮತ್ತು ರಕ್ತನಾಳಗಳ ತೊಂದರೆಯಿಂದ ಆಸ್ಪತ್ರೆ ಸೇರಿದವರ ಪ್ರಮಾಣ ಹಿಂದಿನ ವಾರದ ಅದೇ ಎರಡು ದಿನಗಳಿಗಿಂತ ಸುಮಾರು 1.6 ಪಟ್ಟು ಇತ್ತು. 2020ರಲ್ಲಿ ಈ ವರದಿ ಪ್ರಕಟವಾಯಿತು.

ಹಾಗೆಂದು ಚುನಾವಣೆಯೇ ಹೃದಯಾಘಾತ ತರುತ್ತದೆ ಎಂದು ಹೆದರಬೇಡಿ. ಆರೋಗ್ಯವಂತರು ಎರಡು ದಿನ ಬೇಸರಪಟ್ಟು ಎದ್ದು ಕೂರುತ್ತಾರೆ. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಇವುಗಳಿಂದ ರಕ್ತನಾಳ ಆಗಲೇ ಕೆಟ್ಟಿದ್ದರೆ, ಒಣಗಿದ ಹುಲ್ಲಿನ ಬಣವೆಗೆ ಕಿಡಿ ಬಿದ್ದಂತೆ ಆಗುತ್ತದೆ. 2025ರ ಮೇ-ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ರಾಜ್ಯವನ್ನೇ ಗಾಬರಿಗೊಳಿಸಿತ್ತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ, ಅಸಾಮಾನ್ಯ ಏರಿಕೆಯೇನೂ ಇಲ್ಲವೆಂದು ಹೇಳಿತು. ಸತ್ತವರ ಪೈಕಿ ಹಲವರಲ್ಲಿ ಕಂಡದ್ದು ಇದೇ ಹಳೆಯ ಶತ್ರುಗಳು. ಬಣವೆಯನ್ನು ಕಾಯುವುದು ನಮ್ಮ ಕೈಯಲ್ಲಿದೆ.

ಸೋಲಿನ ನಂತರದ ಸೋಲು

ಹಾಸನದಿಂದ ಬಂದ ಹದಿನೈದು ದಿನಕ್ಕೆ ಹಿರಿಯರು ಮತ್ತೆ ತಪಾಸಣೆಗೆ ಬಂದರು. ಬಿ.ಪಿ. ಇಳಿದಿತ್ತು, ಮುಖದ ಕಳೆ ಮಾತ್ರ ಬಂದಿರಲಿಲ್ಲ. ಬೇರೆ ರೋಗಿಗಳು ಹೋಗುವ ತನಕ ಕೂರಿಸಿಕೊಂಡು ಮಾತನಾಡಿಸಿದೆ.

ಹಿರಿಯ ಮಗ ಈ ಸಲ ಬೇರೆ ಪಕ್ಷಕ್ಕೆ ಮತ ಹಾಕಿದ್ದ. ಅದನ್ನು ಮುಚ್ಚಿಡಲೂ ಇಲ್ಲ. ಫಲಿತಾಂಶದ ದಿನ ಬೀದಿಯಲ್ಲಿ ಪಟಾಕಿ ಸಿಡಿದಾಗ ಅವನೂ ಅಲ್ಲೇ ನಿಂತಿದ್ದನಂತೆ. ಅಂದಿನಿಂದ ಅಪ್ಪ-ಮಗ ಮಾತನಾಡಿರಲಿಲ್ಲ. ಇವರು ಊಟವನ್ನೂ ಜಗಲಿಗೇ ತರಿಸಿಕೊಳ್ಳುತ್ತಿದ್ದರು.

"ವೋಟು ಸೋತಿದ್ದು ದೊಡ್ಡದಲ್ಲ ಡಾಕ್ಟ್ರೇ. ನಮ್ಮಪ್ಪ ಹೇಳ್ದಂಗೆ ನಾನ್ ಕೇಳ್ದೆ. ಈಗ ಮನೇಲಿ ನನ್ ಮಾತು ಯಾರ್ಗೂ ಬೇಡ" ಎಂದರು.

ಇನ್ನೊಂದು ವಿಷಯವನ್ನು ಅವರು ಹೇಳಲಿಲ್ಲ, ಅವರ ಸೊಸೆ ಹೇಳಿದಳು. ಚುನಾವಣೆಯ ಹೊತ್ತಿಗೆ ಪ್ರಜ್ವಲ್ ರೇವಣ್ಣ ಅವರ ವಿರುದ್ಧ ಲೈಂಗಿಕ ದೌರ್ಜನ್ಯದ ಆರೋಪಗಳು ಹೊರಬಂದವು. 2024ರ ಮೇ 31ರಂದು ಅವರ ಬಂಧನವಾಯಿತು. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಅತ್ಯಾಚಾರ ಪ್ರಕರಣವೊಂದರಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. "ಆ ಸುದ್ದಿ ಬಂದಾಗಲೆಲ್ಲ ಮಾವ ಎದ್ದು ಹೊರಗೆ ಹೋಗ್ತಾರೆ ಸಾರ್. ಬೈಯೋದೂ ಇಲ್ಲ, ಮಾತಾಡೋದೂ ಇಲ್ಲ" ಎಂದಳು ಆಕೆ.

ಈ ಪ್ರಕರಣದಲ್ಲಿ ನಿಜವಾದ ನೋವು ಉಂಡವರು ಆ ಹೆಣ್ಣುಮಕ್ಕಳು. ಅದನ್ನು ಮರೆತು ಬೇರೆ ಮಾತಿಲ್ಲ. ಆದರೆ ವೈದ್ಯನಾಗಿ ನಾನು ಕಂಡದ್ದನ್ನೂ ಹೇಳಬೇಕು. ನಲವತ್ತೇಳು ವರ್ಷ ನಂಬಿದ್ದರ ಬಗ್ಗೆ ನಾಚಿಕೆ ಪಡಬೇಕಾಗಿ ಬಂದರೆ ಅದು ಸಾವಿನ ದುಃಖದ ಹಾಗೆಯೇ ಇರುತ್ತದೆ. ಸಾವಾದರೆ ಅಳಬಹುದು, ನೆಂಟರು ಬರುತ್ತಾರೆ, ತಿಥಿ ಮಾಡಿ ಮುಗಿಸಬಹುದು. ಈ ದುಃಖಕ್ಕೆ ತಿಥಿಯೂ ಇಲ್ಲ. ಅದು ಒಳಗೇ ಉಳಿದು ನಿದ್ದೆ ಕೆಡಿಸುತ್ತದೆ, ಬಿ.ಪಿ. ಏರಿಸುತ್ತದೆ, ಮಾತ್ರೆಯನ್ನು ಮರೆಸುತ್ತದೆ.

ನಾನು ಅವರಿಗೆ ಹೊಸ ಮಾತ್ರೆಯೇನನ್ನೂ ಬರೆಯಲಿಲ್ಲ. ಮಗನನ್ನು ಕರೆಸಿ, "ಇನ್ನು ಮುಂದೆ ದಿನವೂ ರಾತ್ರಿ ಅಪ್ಪನಿಗೆ ಮಾತ್ರೆ ಕೊಡೋದು ನಿನ್ನ ಕೆಲಸ. ಬೇರೆ ಯಾರೂ ಕೊಡಬಾರದು. ಒಂದು ಲೋಟ ನೀರು ತಗೊಂಡು ಹೋಗಿ, ನುಂಗೋ ತನಕ ಪಕ್ಕದಲ್ಲಿ ಕೂತಿರು. ಚುನಾವಣೆ ಮಾತು ಮಾತ್ರ ಬೇಡ" ಎಂದೆ. ಅವನು ಒಪ್ಪಿದ.

ನಿಮ್ಮ ಮನೆಯಲ್ಲಿ ಏನು ಮಾಡಬಹುದು?

1. ಚುನಾವಣೆಯ ದಿನಗಳಲ್ಲಿ ಬಿ.ಪಿ., ಸಕ್ಕರೆ, ಹೃದಯದ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಬೇಡಿ. ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಬಿ.ಪಿ. ಮೊದಲಿಗಿಂತ ಮೇಲೆ ಜಿಗಿಯುತ್ತದೆ. ಎಣಿಕೆಗೆ ಒಂದು ವಾರ ಮುಂಚೆಯೇ ಬಿ.ಪಿ. ನೋಡಿಸಿಕೊಳ್ಳಿ. ಸಾಮಾನ್ಯವಾಗಿ ಅದು 140/90ಕ್ಕಿಂತ ಕೆಳಗಿರಬೇಕು.

2. ಎಣಿಕೆಯ ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಟಿ.ವಿ. ಮುಂದೆ ಕೂರಬೇಡಿ. ಫಲಿತಾಂಶ ನೀವು ನೋಡಿದರೂ ಅದೇ, ನೋಡದಿದ್ದರೂ ಅದೇ! ತೋಟಕ್ಕೆ ಒಂದು ಸುತ್ತು ಹೋಗಿ ಬನ್ನಿ. ರಾತ್ರಿ ಊಟವಾದ ಮೇಲೆ ಟಿ.ವಿ., ಮೊಬೈಲು ಎರಡನ್ನೂ ಮುಚ್ಚಿ ಮಲಗಿ.

3. ಗೆದ್ದ ಸಂತೋಷಕ್ಕೂ ಸೋತ ದುಃಖಕ್ಕೂ ಕುಡಿತ, ಬೀಡಿ ಮದ್ದಲ್ಲ. ಫಲಿತಾಂಶದ ಮೇಲೆ ಹಣವನ್ನೋ ಕುರಿಯನ್ನೋ ಪಂದ್ಯ ಕಟ್ಟಬೇಡಿ. ಸೋಲಿನ ಜೊತೆಗೆ ಸಾಲವೂ ಸೇರಿದರೆ ಆ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ.

4. ಮುಖ ಒಂದು ಕಡೆ ಸೊಟ್ಟಗಾದರೆ, ಕೈ ಅಥವಾ ಕಾಲಿನ ಬಲ ಕುಂದಿದರೆ, ಮಾತು ತೊದಲಿದರೆ, ಅದು ಹತ್ತೇ ನಿಮಿಷದಲ್ಲಿ ಸರಿಹೋದರೂ ಕೂಡಲೇ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಆದರೆ ತೊಂದರೆ ಶುರುವಾದ ನಾಲ್ಕೂವರೆ ಗಂಟೆಯೊಳಗೆ, ಸ್ಕ್ಯಾನಿಂಗ್ ಮಾಡಿ ನೋಡಿದ ಮೇಲೆ ಅದನ್ನು ಕೊಡಬೇಕು. ಲಕ್ವದ ಎಣ್ಣೆ ತಿಕ್ಕಿಸಲು ಬೇರೆ ಊರಿಗೆ ಹೋಗಿ ಆ ಹೊತ್ತನ್ನು ಕಳೆಯಬೇಡಿ. ಎದೆ ಹಿಂಡಿದಂಥ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೂ ಹಾಗೆಯೇ. ಗ್ಯಾಸ್ ಎಂದು ಸೋಡಾ ಕುಡಿದು ಕಾಯಬೇಡಿ.

5. ಮನೆಯ ಹಿರಿಯರು ಎರಡು ವಾರ ಕಳೆದರೂ ಮಂಕಾಗಿದ್ದರೆ, ಊಟ-ನಿದ್ದೆ ಬಿಟ್ಟರೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ವೈದ್ಯರಿಗೆ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತನಾಡುತ್ತಾರೆ, ಖರ್ಚಿಲ್ಲ.

6. ಮಕ್ಕಳಿಗೆ ಒಂದು ಮಾತು. ನಿಮ್ಮ ಮತ ನಿಮ್ಮದು, ಅದನ್ನು ಯಾರೂ ಕೇಳುವಂತಿಲ್ಲ. ಆದರೆ ಗೆದ್ದ ದಿನ ಅಪ್ಪನ ಎದುರು ಬೀಗಬೇಡಿ. ಹಿರಿಯರಿಗೂ ಒಂದು ಮಾತು. ಮಗ ಬೇರೆ ಗುಂಡಿ ಒತ್ತಿದ ಮಾತ್ರಕ್ಕೆ ನಿಮ್ಮನ್ನು ತಳ್ಳಿಹಾಕಿದ ಎಂದಲ್ಲ.

ಆ ಮನೆಯಲ್ಲಿ ಅಪ್ಪ-ಮಗ ಎರಡು ತಿಂಗಳು ಮಾತಿಲ್ಲದೆ ಮಾತ್ರೆ ಕೊಟ್ಟು ತೆಗೆದುಕೊಂಡರು. ಆಮೇಲೊಂದು ರಾತ್ರಿ ನೀರಿನ ಲೋಟ ಹಿಂದಿರುಗಿಸುತ್ತ ಅಪ್ಪ, "ಕೊಬ್ರಿ ರೇಟು ಎಷ್ಟಾಯ್ತಂತೆ?" ಎಂದು ಕೇಳಿದರಂತೆ. ಮಗ ರೇಟು ಹೇಳಿ ಅಲ್ಲೇ ಅರ್ಧ ಗಂಟೆ ಕೂತನಂತೆ. ಇದನ್ನು ಹೇಳುವಾಗ ಸೊಸೆಯ ಕಣ್ಣು ತುಂಬಿತ್ತು.

ಹೋದ ಸಲ ತಪಾಸಣೆಗೆ ಬಂದಾಗ ಹಿರಿಯರ ಬಿ.ಪಿ. 136/84 ಇತ್ತು. ಬೀಡಿಯನ್ನು ದಿನಕ್ಕೆ ಎರಡಕ್ಕೆ ಇಳಿಸಿದ್ದಾರೆ. ಆ ಎರಡನ್ನೂ ಬಿಡಿಸಬೇಕು, ಇನ್ನೂ ಹೆಣಗುತ್ತಿದ್ದೇನೆ. "ಮುಂದಿನ ಸಲ ಯಾರಿಗೆ ಯಜಮಾನ್ರೇ?" ಎಂದು ತಮಾಷೆಗೆ ಕೇಳಿದೆ. "ಅದೆಲ್ಲ ನಿಮ್ಗ್ಯಾಕೆ ಡಾಕ್ಟ್ರೇ? ಬಿ.ಪಿ. ನೋಡಿ" ಎಂದರು. ಪಕ್ಕದಲ್ಲಿ ನಿಂತಿದ್ದ ಮಗ ನಕ್ಕ. ಅಪ್ಪನೂ ನಕ್ಕರು.