ಚಲನಶೀಲ ಭೂಪಟದ ವಾಚನ: ಅಂಕೋಲಾ ತಾಲೂಕಿನ ಶಿರೂರಿನ ನಿದರ್ಶನ

ಭೂಪಟವೆಂದರೆ ಗೋಡೆಗೆ ತೂಗುಹಾಕಿದ, ಇಲ್ಲವೆ ಪುಸ್ತಕದಲ್ಲಿ ಅಚ್ಚಾದ ಸ್ಥಿರಚಿತ್ರವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಅಂತಹ ಪಟದಲ್ಲಿ ಪ್ರಮಾಣವನ್ನೂ ಎಲ್ಲೆಯನ್ನೂ ನಕ್ಷೆಕಾರನೇ ಗೊತ್ತುಮಾಡುತ್ತಿದ್ದನು. ವಾಚಕನು ಅದನ್ನು ಒಪ್ಪಿ ಓದುತ್ತಿದ್ದನು. ಗಣಕಯಂತ್ರದ ಅಂಕಿ-ಅಂಶ ಚಿತ್ರಣದ ತಂತ್ರಾಂಶಗಳಾದ ಕ್ಯೂಜಿಐಎಸ್, ಟ್ಯಾಬ್ಲೊ ಮುಂತಾದವುಗಳಲ್ಲಿ ಈ ಅಧಿಕಾರವು ಬಹುಮಟ್ಟಿಗೆ ವಾಚಕನ ಕೈಗೆ ಬಂದಿದೆ. ಪಟವನ್ನು ಹಿಗ್ಗಿಸುವುದು, ಸರಿಸುವುದು, ಪದರಗಳನ್ನು ತೆರೆದು ಮುಚ್ಚುವುದು, ಬೇಕಾದ ಸ್ಥಳಗಳನ್ನು ಆರಿಸುವುದು ಎಲ್ಲವೂ ಅವನ ಬೆರಳ ತುದಿಯಲ್ಲಿವೆ. ಅಧಿಕಾರದೊಡನೆ ಹೊಣೆಯೂ ಬರುವುದಷ್ಟೆ. ಆ ಹೊಣೆಯ ಸ್ವರೂಪವೇನೆಂಬುದನ್ನು ಅಂಕೋಲಾ ತಾಲೂಕಿನ ಒಂದು ನಿದರ್ಶನದ ಮೂಲಕ ವಿವರಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

2024ನೆಯ ಇಸವಿ ಜುಲೈ 16ರಂದು, ಭಾರೀ ಮಳೆಯ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿರುವ ಶಿರೂರಿನ ಗುಡ್ಡವು ಕುಸಿದು, ಹೆದ್ದಾರಿಯನ್ನು ಮುಚ್ಚಿ, ಗಂಗಾವಳಿ ನದಿಯೊಳಕ್ಕೆ ಜಾರಿತು. ರಸ್ತೆಬದಿಯ ಚಹಾದಂಗಡಿಯೂ ವಾಹನಗಳೂ ಕೊಚ್ಚಿಹೋಗಿ ಹಲವರು ಪ್ರಾಣ ಕಳೆದುಕೊಂಡರು. ನದಿಯಲ್ಲಿ ಮುಳುಗಿದ್ದ ಲಾರಿಯೊಂದು ದೊರೆತುದು ಸೆಪ್ಟೆಂಬರ್ 25ರಂದು. ಈ ದುರಂತವನ್ನು ಚಲನಶೀಲ ಭೂಪಟದಲ್ಲಿ ಅಭ್ಯಸಿಸ ಹೊರಟ ವಿದ್ಯಾರ್ಥಿಯು ಏನೇನನ್ನು ಎದುರಿಸುವನೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಹುಡುಕಾಟ. ‘ಶಿರೂರು’ ಎಂದು ಬರೆದು ಹುಡುಕಿದರೆ ಪಟವು ನಮ್ಮನ್ನು ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಶಿರೂರಿಗೆ ಕರೆದೊಯ್ಯಬಹುದು. ಸೋಜಿಗವೆಂದರೆ ಆ ಊರೂ ಇದೇ ಹೆದ್ದಾರಿ 66ರ ಮೇಲಿದೆ; ಅದೂ ಕರಾವಳಿಯ ಊರೇ. ಹೆಸರು, ರಸ್ತೆ, ನೆಲದ ಲಕ್ಷಣ ಮೂರೂ ಹೊಂದಿಕೊಳ್ಳುವುದರಿಂದ ತಪ್ಪು ಸುಲಭವಾಗಿ ಗೋಚರಿಸದು. ನದಿಯ ಹೆಸರಿನಲ್ಲಿಯೂ ಇಂತಹುದೇ ತೊಡಕುಂಟು. ಕರಾವಳಿಯಲ್ಲಿ ಗಂಗಾವಳಿಯೆನಿಸಿದ ಹೊಳೆಯೇ ಘಟ್ಟದ ಮೇಲೆ ಬೇಡ್ತಿಯೆನಿಸಿಕೊಳ್ಳುತ್ತದೆ. ಆದಕಾರಣ ಹೆಸರನ್ನು ಮಾತ್ರ ನಂಬದೆ ಅಕ್ಷಾಂಶ ರೇಖಾಂಶಗಳನ್ನು ನೋಡಿಕೊಳ್ಳುವುದು ಅವಶ್ಯ. ಅಂಕೋಲಾ ಪಟ್ಟಣವು ಸುಮಾರು 14°40′ ಉತ್ತರ ಅಕ್ಷಾಂಶ, 74°18′ ಪೂರ್ವ ರೇಖಾಂಶಗಳಲ್ಲಿದೆಯೆಂಬುದು ನೆನಪಿನಲ್ಲಿದ್ದರೆ ಇಂತಹ ಪ್ರಮಾದವು ಕೂಡಲೆ ಬಯಲಾಗುವುದು.

ಎರಡನೆಯದು ಹಿಗ್ಗಿಸುವಿಕೆ. ಇಂತಹ ಪಟಗಳಲ್ಲಿ ಹೆಚ್ಚಿನವು ಮರ್ಕೇಟರನು 1569ರಲ್ಲಿ ರೂಪಿಸಿದ ಪ್ರಕ್ಷೇಪದ ಒಂದು ಬಗೆಯನ್ನು ಅವಲಂಬಿಸಿವೆ. ಸೊನ್ನೆಯ ಮಟ್ಟದಲ್ಲಿ ಇಡೀ ಜಗತ್ತು 256 ಪಿಕ್ಸೆಲ್ ಅಗಲದ ಒಂದೇ ಚೌಕದಲ್ಲಿ ಅಡಗಿರುತ್ತದೆ. ಒಂದೊಂದು ಮಟ್ಟ ಮೇಲೇರಿದಂತೆಯೂ ಪ್ರತಿ ಚೌಕವು ನಾಲ್ಕಾಗಿ ಒಡೆಯುವುದರಿಂದ, ಹತ್ತನೆಯ ಮಟ್ಟಕ್ಕೆ ಚೌಕಗಳ ಸಂಖ್ಯೆ 10,48,576 ಆಗುತ್ತದೆ. ಅಂಕೋಲೆಯ ಅಕ್ಷಾಂಶದಲ್ಲಿ ಎಂಟನೆಯ ಮಟ್ಟದ ಒಂದು ಪಿಕ್ಸೆಲ್ ನೆಲದ ಮೇಲಿನ ಸುಮಾರು 590 ಮೀಟರಿಗೆ ಸಮ; ಹದಿನೈದನೆಯ ಮಟ್ಟದಲ್ಲಿ 4.6 ಮೀಟರಿಗೆ, ಹದಿನೆಂಟನೆಯ ಮಟ್ಟದಲ್ಲಿ ಸುಮಾರು 58 ಸೆಂಟಿಮೀಟರಿಗೆ ಸಮ. ಅಂದಮೇಲೆ ಎಂಟನೆಯ ಮಟ್ಟದಲ್ಲಿ ನಿಂತು ಶಿರೂರನ್ನು ನೋಡುವವನಿಗೆ ಗುಡ್ಡ, ರಸ್ತೆ, ಹೊಳೆ ಬೇರೆಬೇರೆಯಾಗಿ ಕಾಣವು. ದುರಂತವು ಹೆದ್ದಾರಿಯ ಮೇಲಣ ಒಂದು ಚುಕ್ಕೆ ಮಾತ್ರ.

ಹಾಗಾದರೆ ಹಿಗ್ಗಿಸಿದಷ್ಟೂ ತಿಳಿವಳಿಕೆ ಹೆಚ್ಚುವುದೆ? ಇಲ್ಲಿ ಎಚ್ಚರಿಕೆ ಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಸಿದ್ಧಪಡಿಸಿದ ರಾಷ್ಟ್ರೀಯ ಭೂಕುಸಿತ ಸಂಭಾವ್ಯತಾ ನಕ್ಷೆಯ ಪ್ರಮಾಣ 1:50,000. ಅಂದರೆ ಅದರ ಒಂದು ಮಿಲಿಮೀಟರ್ ನೆಲದ ಮೇಲಿನ 50 ಮೀಟರನ್ನು ಸೂಚಿಸುತ್ತದೆ. ಅದೇ ಒಂದು ಮಿಲಿಮೀಟರ್ ಹದಿನೆಂಟನೆಯ ಮಟ್ಟದಲ್ಲಿ ಸುಮಾರು 87 ಪಿಕ್ಸೆಲ್‌ಗಳಷ್ಟು ಅಗಲವಾಗಿ ತೋರುತ್ತದೆ. ಚಿತ್ರ ದೊಡ್ಡದಾಯಿತೇ ಹೊರತು ಮೂಲದ ಅಳತೆ ಸೂಕ್ಷ್ಮವಾಗಲಿಲ್ಲ. ಆ ಮಟ್ಟದಲ್ಲಿ ‘ಅಪಾಯದ ಗೆರೆ ಈ ಮನೆಯ ಅಂಗಳದಲ್ಲಿ ಮುಗಿಯಿತು, ಆ ಮನೆ ಸುರಕ್ಷಿತ’ ಎಂದು ತೀರ್ಮಾನಿಸುವುದು ನಕ್ಷೆ ಹೇಳದ ಮಾತನ್ನು ಅದರ ಬಾಯಲ್ಲಿ ಆಡಿಸಿದಂತೆ. ಮನೆಮಾರುಗಳ ಪ್ರಶ್ನೆಯಾದ್ದರಿಂದ ಇದು ಕೇವಲ ಶಾಸ್ತ್ರಚರ್ಚೆಯಲ್ಲ.

ಬಣ್ಣ ತುಂಬಿದ ಅಂಕಿ-ಅಂಶಗಳ ಪಟಕ್ಕೂ ಇದೇ ನ್ಯಾಯ ಸಲ್ಲುತ್ತದೆ. 2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169; ವಿಸ್ತೀರ್ಣ 10,291 ಚದರ ಕಿಲೋಮೀಟರ್; ಜನಸಾಂದ್ರತೆ 140. ಜಿಲ್ಲೆಯನ್ನು ಘಟಕವಾಗಿಟ್ಟು ಬಣ್ಣ ಹಚ್ಚಿದ ಪಟದಲ್ಲಿ ಅಂಕೋಲೆಯನ್ನು ಎಷ್ಟೇ ಹಿಗ್ಗಿಸಿದರೂ, ಜನನಿಬಿಡವಾದ ಕಡಲ ಅಂಚಿಗೂ ಘಟ್ಟದ ಅಡವಿಗೂ ಒಂದೇ ಬಣ್ಣ. ಭೇದ ಕಾಣಬೇಕಾದರೆ ಚಿತ್ರವನ್ನು ಹಿಗ್ಗಿಸಿ ಪ್ರಯೋಜನವಿಲ್ಲ. ತಾಲೂಕು ಮತ್ತು ಗ್ರಾಮಗಳ ಅಂಕಿಗಳಿಗೆ ಇಳಿಯಬೇಕು. ನೋಟ ಹಿಗ್ಗುವುದು ಬೇರೆ, ಘಟಕ ಕಿರಿದಾಗುವುದು ಬೇರೆ.

ಮೂರನೆಯದು ಸರಿಸುವಿಕೆ ಮತ್ತು ಆಯ್ಕೆ. ಟ್ಯಾಬ್ಲೊದಲ್ಲಿ ಪಟವನ್ನು ಒಮ್ಮೆ ಸರಿಸಿದರೆ ಅಥವಾ ಹಿಗ್ಗಿಸಿದರೆ ಅದು ಆ ಎಲ್ಲೆಯಲ್ಲಿಯೇ ನಿಂತುಬಿಡುತ್ತದೆ. ಬಳಿಕ ಅಂಕೋಲೆಯ ಬದಲು ಕಾರವಾರದ ಅಂಕಿಗಳನ್ನು ಆಯ್ದುಕೊಂಡರೆ ನೋಟವು ತಾನಾಗಿ ಅತ್ತ ಹೊರಳದು. ಕಣ್ಣಿಗೆ ಬೀಳುವುದು ಬರಿದಾದ ಪಟ. ‘ಕಾರವಾರದಲ್ಲಿ ಅಂಕಿಗಳೇ ಇಲ್ಲ’ ಎಂದು ವಿದ್ಯಾರ್ಥಿ ಬರೆದುಕೊಂಡರೆ ಆಶ್ಚರ್ಯವಿಲ್ಲ. ಪಟವನ್ನು ಮೊದಲಿನ ಸ್ಥಿತಿಗೆ ತರುವ ಗುಂಡಿಯನ್ನು ಒತ್ತಿದರೆ ಸತ್ಯಸ್ಥಿತಿ ತಿಳಿಯುವುದು. ಬರಿದಾದ ನೋಟವೂ ಇಲ್ಲದ ವಸ್ತುವೂ ಒಂದೇ ಅಲ್ಲವೆಂಬುದನ್ನು ಅಧ್ಯಾಪಕರು ಮೊದಲ ದಿನವೇ ಮನಗಾಣಿಸುವುದು ಒಳ್ಳೆಯದು.

ಕೊನೆಯದಾಗಿ, ಶಿರೂರಿನ ಚುಕ್ಕೆಗೆ ಮರಳೋಣ. ಆ ಚುಕ್ಕೆಯನ್ನು ಪರದೆಯ ನಡುವೆ ಇರಿಸಿ ಬಹಳ ಹಿಗ್ಗಿಸಿದವನಿಗೆ ಹೆದ್ದಾರಿಯ ದಡವೊಂದೇ ಕಾಣುತ್ತದೆ. ಒಂದೆರಡು ಮಟ್ಟ ಕೆಳಗಿಳಿದು ಪಟವನ್ನು ಹೊಳೆಯ ಆಚೆಗೆ ಸರಿಸಿದರೆ ಉಳುವರೆ ಗ್ರಾಮ ಕಣ್ಣಿಗೆ ಬೀಳುತ್ತದೆ. ಗುಡ್ಡದ ಮಣ್ಣು ನದಿಗೆ ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು; ಅಲ್ಲಿಯೂ ಸಾವುನೋವು ಸಂಭವಿಸಿತು. ಕುಸಿದ ಸ್ಥಳವನ್ನು ಮಾತ್ರ ಗುರುತಿಸುವ ಬಿಂದುವಿನಲ್ಲಿ ಉಳುವರೆಗೆ ಎಡೆಯಿಲ್ಲ. ಬಿಂದುವು ಘಟನೆಯ ನೆಲೆಯನ್ನು ಹೇಳುತ್ತದೆ, ಅದರ ವ್ಯಾಪ್ತಿಯನ್ನು ಹೇಳದು. ನದಿಯ ಪದರವನ್ನೂ ಊರುಗಳ ಪದರವನ್ನೂ ಒಟ್ಟಿಗೆ ತೆರೆದು ಎರಡೂ ದಡಗಳನ್ನು ನೋಡಿದವನಿಗೆ ಮಾತ್ರ ಆ ವ್ಯಾಪ್ತಿ ಗೋಚರಿಸೀತು.

ಮೇಲ್ಕಂಡ ವಿವೇಚನೆಯಿಂದ ಒಂದು ಕ್ರಮವು ತಾನಾಗಿ ಹೊರಡುತ್ತದೆ. ಮೊದಲು ಇಡೀ ಜಿಲ್ಲೆಯನ್ನು ನೋಡಬೇಕು. ಹೆಸರನ್ನು ಅಕ್ಷಾಂಶ ರೇಖಾಂಶಗಳಿಂದ ದೃಢಪಡಿಸಿಕೊಳ್ಳಬೇಕು. ಮೂಲ ನಕ್ಷೆಯ ಪ್ರಮಾಣವನ್ನು ತಿಳಿದು ಅದು ಒಪ್ಪುವ ಮಟ್ಟದವರೆಗೆ ಮಾತ್ರ ಹಿಗ್ಗಿಸಬೇಕು. ಆಯ್ಕೆಯನ್ನು ಬದಲಿಸಿದಾಗಲೆಲ್ಲ ನೋಟವನ್ನು ಮೊದಲಿನ ಸ್ಥಿತಿಗೆ ತರಬೇಕು. ನೋಡಿದುದನ್ನು ಬರೆದಿಡುವಾಗ ಯಾವ ಮಟ್ಟದಲ್ಲಿ, ಯಾವ ಪದರಗಳೊಡನೆ ನೋಡಿದೆವೆಂಬುದನ್ನೂ ಬರೆದಿಡಬೇಕು. ಅಚ್ಚಿನ ಪಟದ ಅಂಚಿನಲ್ಲಿ ನಕ್ಷೆಕಾರನು ಪ್ರಮಾಣವನ್ನು ನಮೂದಿಸುತ್ತಿದ್ದಂತೆ, ಚಲನಶೀಲ ಪಟದಲ್ಲಿ ಆ ಕರ್ತವ್ಯವು ಈಗ ವಾಚಕನ ಪಾಲಿಗೆ ಬಂದಿದೆ. ನಮ್ಮ ಕಾಲೇಜುಗಳ ಪ್ರಾಯೋಗಿಕ ತರಗತಿಗಳಲ್ಲಿ ಈ ಕ್ರಮವು ರೂಢಿಗೆ ಬಂದರೆ, ಮುಂದೊಂದು ಮಳೆಗಾಲದಲ್ಲಿ ಪಟದ ಮುಂದೆ ಕುಳಿತವರು ಆಚೆ ದಡದ ಊರನ್ನು ಮರೆಯಲಾರರು.